ಪ್ರಾದೇಶಿಕ ಇತಿಹಾಸದ ಅಧ್ಯಯನದಲ್ಲಿ ಅಂತರಜಾಲ ವಿಶ್ವಕೋಶದ ಬಳಕೆ

ಕರ್ನಾಟಕದ ಪ್ರಾದೇಶಿಕ ಇತಿಹಾಸವನ್ನು ಕುರಿತು ಕೆಲಸ ಮಾಡುವವರಿಗೆ ಆಕರಗಳ ಅಭಾವಕ್ಕಿಂತ ಅವುಗಳ ಚದುರುವಿಕೆಯೇ ದೊಡ್ಡ ತೊಡಕಾಗಿದೆ. ಒಂದು ಊರಿನ ಚರಿತ್ರೆಯನ್ನು ಬರೆಯಹೊರಟ ಅಭ್ಯಾಸಿಯು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು, ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು, ದಕ್ಷಿಣ ಭಾರತದ ಶಾಸನ ಸಂಪುಟಗಳು, ಗ್ಯಾಸೆಟಿಯರುಗಳು, ಕೈಫಿಯತ್ತುಗಳು, ಸ್ಥಳಪುರಾಣಗಳು ಇಷ್ಟನ್ನೂ ಎದುರಿಗಿಟ್ಟುಕೊಂಡು ನೋಡಬೇಕಾಗುತ್ತದೆ. ಇವೆಲ್ಲ ಒಂದೇ ಗ್ರಂಥಾಲಯದಲ್ಲಿ ದೊರೆಯುವುದು ಅಪರೂಪ. ಮೈಸೂರು, ಧಾರವಾಡ, ಹಂಪಿ, ಬೆಂಗಳೂರುಗಳಿಂದ ದೂರವಿರುವ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇವುಗಳ ಪೈಕಿ ಒಂದೆರಡು ಇದ್ದರೆ ಅದೇ ಹೆಚ್ಚು. ಹೀಗಾಗಿ ಸಂಶೋಧಕರು ಮೊದಲು ಕೈಹಾಕುವುದು ಅಂತರಜಾಲದ ವಿಶ್ವಕೋಶಕ್ಕೆ. ಇದನ್ನು ಒಪ್ಪಿಕೊಳ್ಳುವವರು ಕಡಿಮೆ; ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ಅದರ ಹೆಸರು ಕಾಣುವುದಿಲ್ಲ, ಅದರ ವಾಕ್ಯಗಳು ಮಾತ್ರ ಒಡಲಿನಲ್ಲಿ ಕಾಣುತ್ತವೆ. ಬಳಕೆಯನ್ನು ನಿಷೇಧಿಸುವುದರಿಂದ ಈ ಪರಿಸ್ಥಿತಿ ಸುಧಾರಿಸಲಾರದು. ಅಂತಹ ಕೋಶದ ಒಂದು ಲೇಖನವನ್ನು ಸಂಶೋಧಕರು ಯಾವ ಕ್ರಮದಲ್ಲಿ ಓದಬೇಕು, ಅದರಿಂದ ಯಾವುದನ್ನು ತೆಗೆದುಕೊಳ್ಳಬಹುದು, ಯಾವುದನ್ನು ತೆಗೆದುಕೊಳ್ಳಬಾರದು ಎಂಬುದನ್ನು ಖಚಿತಪಡಿಸಿಕೊಳ್ಳುವುದು ಹೆಚ್ಚು ಪ್ರಯೋಜನಕರ.

ಕನ್ನಡದಲ್ಲಿ ವಿಶ್ವಕೋಶದ ಪರಂಪರೆ ಹೊಸದಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಏಕಾಂಗಿಯಾಗಿ ಸಿದ್ಧಪಡಿಸಿದ ಸಾಹಸ ಎಲ್ಲರಿಗೂ ತಿಳಿದದ್ದು. ಮೈಸೂರು ವಿಶ್ವವಿದ್ಯಾನಿಲಯವು ಕೈಗೊಂಡ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಗಿ, ಹದಿನಾಲ್ಕನೆಯ ಹಾಗೂ ಕೊನೆಯ ಸಂಪುಟ 2004ರಲ್ಲಿ ಹೊರಬಂದಿತು. ಈ ಕಾರ್ಯ ಮುಗಿಯುವ ಹೊತ್ತಿಗೇ, 2003ರಲ್ಲಿ, ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ಕನ್ನಡ ವಿಕಿಪೀಡಿಯ ಆರಂಭಗೊಂಡಿತು. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ‘ಕಣಜ’ವೂ ಅನಂತರ ಬಂದಿತು. ಇಲ್ಲಿಯ ಚರ್ಚೆಗೆ ಮುಖ್ಯವಾದ ಘಟನೆಯೆಂದರೆ 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಬರಹವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದು. ಅದರ ಫಲವಾಗಿ ಮುದ್ರಿತ ಸಂಪುಟಗಳ ಅನೇಕ ಲೇಖನಗಳು ವಿಕಿಸೋರ್ಸ್‌ನಲ್ಲಿ ಸೇರಿದವು. ಅಲ್ಲಿಂದ ವಿಕಿಪೀಡಿಯದ ಪುಟಗಳಿಗೂ ಹರಿದವು. ವಿದ್ವಾಂಸರು ಸಂಪಾದಿಸಿದ ಬರಹವೂ ಹೆಸರು ಹೇಳದ ಸ್ವಯಂಸೇವಕರ ಬರಹವೂ ಒಂದೇ ಪುಟದಲ್ಲಿ ಬೆರೆತದ್ದು ಹೀಗೆ.

ಬೇರೆ ನಾಡುಗಳಲ್ಲಿ ಪ್ರಾದೇಶಿಕ ಇತಿಹಾಸದ ಕೋಶಗಳು ಅಂತರಜಾಲಕ್ಕೆ ಬಂದ ಬಗೆಯನ್ನು ಇದರೊಂದಿಗೆ ಹೋಲಿಸಬಹುದು. ಅಮೆರಿಕದ ಟೆಕ್ಸಾಸ್ ರಾಜ್ಯದ ಇತಿಹಾಸ ಸಂಘವು 1952ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಕೈಪಿಡಿಯು 1996ರಲ್ಲಿ ಆರು ಸಂಪುಟಗಳಾಗಿ ಬೆಳೆದು 1999ರಲ್ಲಿ ಅಂತರಜಾಲವನ್ನೇರಿತು. ಅದರಲ್ಲಿ ಲೇಖನದ ಕೆಳಗೆ ಲೇಖಕರ ಹೆಸರು, ಆಕರಗಳ ಪಟ್ಟಿ, ಉಲ್ಲೇಖಿಸಬೇಕಾದ ಕ್ರಮ ಇವು ಇರುತ್ತವೆ. ತಿದ್ದುವ ಅಧಿಕಾರ ಸಂಪಾದಕರದು. ಬಾಂಗ್ಲಾದೇಶದ ಏಷ್ಯಾಟಿಕ್ ಸೊಸೈಟಿಯು 2003ರಲ್ಲಿ ಬಂಗಾಳಿ, ಇಂಗ್ಲಿಷುಗಳೆರಡರಲ್ಲೂ ಹತ್ತು ಹತ್ತು ಸಂಪುಟಗಳಲ್ಲಿ ಹೊರತಂದ ‘ಬಾಂಗ್ಲಾಪೀಡಿಯ’ವೂ ಇದೇ ಮಾದರಿಯದು. ಇಂತಹ ಕೋಶಗಳಲ್ಲಿ ‘ಹೇಳಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಪುಟದಲ್ಲಿಯೇ ಸಿಗುತ್ತದೆ. ಮುಕ್ತ ಕೋಶದಲ್ಲಿ ಆ ಉತ್ತರವನ್ನು ಓದುಗರೇ ಹುಡುಕಿಕೊಳ್ಳಬೇಕು. ಹುಡುಕುವ ಸಾಧನಗಳನ್ನು ಅದು ಒದಗಿಸಿದೆ ಎಂಬುದನ್ನು ಮಾತ್ರ ಬಹುಪಾಲು ಬಳಕೆದಾರರು ಗಮನಿಸಿದಂತಿಲ್ಲ.

ಮುಕ್ತ ಕೋಶದ ಲೇಖನವನ್ನು ಉತ್ಖನನದ ಗುಂಡಿಯ ಪದರಗಳಂತೆ ಓದಬೇಕು. ಮೇಲ್ನೋಟಕ್ಕೆ ಒಂದೇ ಹರಿವಿನ ಗದ್ಯದಂತೆ ತೋರಿದರೂ ಅದರ ಒಂದೊಂದು ವಾಕ್ಯಕ್ಕೆ ಒಂದೊಂದು ಕಾಲವಿರುತ್ತದೆ. ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದಕ್ಕೆ ಮೊದಲು ಮುದ್ರಣವಾದ ವಿಶ್ವಕೋಶ ಸಂಪುಟಗಳ ಬರಹಕ್ಕೆ ಇದು ಮೈಸೂರು ರಾಜ್ಯ. 1997ಕ್ಕೆ ಮೊದಲು ಬರೆದ ಚಿತ್ರದುರ್ಗ ಜಿಲ್ಲೆಯ ವಿವರಣೆಯಲ್ಲಿ ದಾವಣಗೆರೆಯೂ, ವಿಜಾಪುರ ಜಿಲ್ಲೆಯ ವಿವರಣೆಯಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳೂ ಸೇರಿರುತ್ತವೆ. ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ ಎಂಬ ವಾಕ್ಯ 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಸರಿಯಾಗಿತ್ತು. ಇಂತಹವನ್ನು ತಪ್ಪು ಎನ್ನುವುದಕ್ಕಿಂತ ಹಳೆಯ ಪದರ ಎನ್ನುವುದು ಉಚಿತ. ಆಡಳಿತ ವಿಭಾಗಗಳ ವಿಷಯದಲ್ಲಿ ಈ ಪದರ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಓದುಗರು ತಾವೇ ತಿದ್ದಿಕೊಂಡು ಮುಂದುವರಿಯುತ್ತಾರೆ. ಕಾಲನಿರ್ಣಯ, ವಂಶಾವಳಿ, ಸ್ಥಳನಾಮ ಮುಂತಾದ ವಿಷಯಗಳಲ್ಲಿ ಅದು ಬೀಳುವುದಿಲ್ಲ.

ಹಲ್ಮಿಡಿ ಶಾಸನದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು. ‘ಕನ್ನಡದ ಮೊದಲ ಶಾಸನ ಹಲ್ಮಿಡಿ ಶಾಸನ, ಅದರ ಕಾಲ ಕ್ರಿ.ಶ. 450’ ಎಂಬುದು ಶಾಲಾಪುಸ್ತಕದಿಂದ ಹಿಡಿದು ಅಂತರಜಾಲದವರೆಗೆ ಹಬ್ಬಿರುವ ಮಾತು. ಇದರಲ್ಲಿ ಒಂದಲ್ಲ, ಕನಿಷ್ಠ ಎರಡು ಪ್ರತಿಪಾದನೆಗಳಿವೆ ಮತ್ತು ಅವುಗಳ ಆಧಾರಗಳು ಬೇರೆ ಬೇರೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಈ ಹದಿನಾರು ಸಾಲುಗಳ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು. ಶಾಸನದಲ್ಲಿ ಕಾಲವನ್ನು ಹೇಳಿಲ್ಲ. ಶಕವರ್ಷವಿಲ್ಲ, ಸಂವತ್ಸರವಿಲ್ಲ. ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು, ಲಿಪಿಯ ಸ್ವರೂಪ, ಭಾಷೆಯ ಪ್ರಾಚೀನತೆ ಇವುಗಳಿಂದ ಅನುಮಾನಿಸಿದ ಕಾಲವೇ ಸುಮಾರು 450. ಲಿಪಿಯನ್ನು ಆಧರಿಸಿ ಇದನ್ನು ಇನ್ನಷ್ಟು ಈಚಿನದೆಂದು ಭಾವಿಸಿದ ವಿದ್ವಾಂಸರೂ ಇದ್ದಾರೆ. ‘ಸುಮಾರು’ ಎಂಬ ಒಂದು ಪದ ಈ ಇಡೀ ವಾದವನ್ನು ಹೊತ್ತುಕೊಂಡಿದೆ. ವಿಶ್ವಕೋಶದ ಲೇಖನವನ್ನು ಸಂಕ್ಷೇಪಿಸುವವರು, ಅನುವಾದಿಸುವವರು, ಪಟ್ಟಿಗೆ ಇಳಿಸುವವರು ಮೊದಲು ಬಿಡುವುದು ಅದನ್ನೇ. ಪುಟದ ಬದಿಯ ಮಾಹಿತಿ ಚೌಕದಲ್ಲಿ ‘ಕಾಲ: 450’ ಎಂದು ಬರೆಯಲು ಜಾಗವಿದೆ, ವಾದವನ್ನು ಬರೆಯಲು ಜಾಗವಿಲ್ಲ.

ಎರಡನೆಯದು ‘ಮೊದಲ’ ಎಂಬ ಮಾತು. ಇದು ಶಾಸನದ ಗುಣವಲ್ಲ, ಒಂದು ನಿರ್ದಿಷ್ಟ ವರ್ಷದ ತಿಳಿವಳಿಕೆಯ ಸ್ಥಿತಿ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಕವಿ ಕುಬ್ಜ ರಚಿಸಿದ ಸಂಸ್ಕೃತ ಸ್ತಂಭಶಾಸನದಿಂದಾಗಿ ಕದಂಬರ ಇತಿಹಾಸದಲ್ಲಿ ಬಹುಕಾಲದಿಂದ ಹೆಸರಾದ ಊರು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 2013ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನವೊಂದು ದೊರೆಯಿತು. ಇಲಾಖೆಯು ಅದರ ಕಾಲವನ್ನು ಕ್ರಿ.ಶ. 370 ಎಂದು ಗುರುತಿಸಿದುದರಿಂದ ಹಲ್ಮಿಡಿಗಿದ್ದ ‘ಮೊದಲ’ ಎಂಬ ವಿಶೇಷಣ ಪ್ರಶ್ನೆಗೊಳಗಾಯಿತು. ಹೊಸ ಕಾಲನಿರ್ಣಯವನ್ನೂ ಹಲ್ಮಿಡಿಯನ್ನು ತಿಕ್ಕಿದ ಒರೆಗಲ್ಲಿಗೇ ತಿಕ್ಕಿ ನೋಡಬೇಕೆಂಬುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು, ಈ ಸುದ್ದಿ ಬಂದ ಮೇಲೆ ಅಂತರಜಾಲದ ಕೋಶದಲ್ಲಿ ಬದಲಾಗಬೇಕಾದ ವಾಕ್ಯಗಳು ಎಷ್ಟು ಪುಟಗಳಲ್ಲಿ ಹರಡಿಕೊಂಡಿರುತ್ತವೆ ಎಂಬುದನ್ನು. ಹಲ್ಮಿಡಿ, ತಾಳಗುಂದ, ಕದಂಬರು, ಕನ್ನಡ ಭಾಷೆ, ಕನ್ನಡ ಲಿಪಿ, ಕನ್ನಡ ಸಾಹಿತ್ಯ, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ ಹೀಗೆ ಹತ್ತಾರು ಪುಟಗಳು ಒಂದೇ ಸಂಗತಿಯನ್ನು ತಮ್ಮ ತಮ್ಮ ಮಾತಿನಲ್ಲಿ ಹೇಳುತ್ತವೆ. ಒಂದನ್ನು ತಿದ್ದಿದವರು ಉಳಿದವನ್ನು ತಿದ್ದಿರುತ್ತಾರೆಂಬ ಖಾತರಿಯಿಲ್ಲ. ಆದುದರಿಂದ ಯಾವುದೇ ಸಂಗತಿಯನ್ನು ಒಂದು ಪುಟದಿಂದ ಎತ್ತಿಕೊಳ್ಳುವ ಮುನ್ನ ಅದನ್ನೇ ಹೇಳುವ ಇನ್ನೆರಡು ಪುಟಗಳನ್ನು ತೆರೆದು ನೋಡುವುದು ಒಳ್ಳೆಯ ಅಭ್ಯಾಸ. ಅವು ಒಂದಕ್ಕೊಂದು ಒಪ್ಪದಿದ್ದರೆ ಅಲ್ಲೊಂದು ವಿವಾದವೋ ಹಳೆಯ ಪದರವೋ ಇದೆಯೆಂದು ತಿಳಿಯಬೇಕು. ಒಪ್ಪಿದರೆ ಒಂದರಿಂದ ಇನ್ನೊಂದಕ್ಕೆ ನಕಲಾಗಿರಬಹುದೆಂಬ ಸಂದೇಹವನ್ನೂ ಉಳಿಸಿಕೊಳ್ಳಬೇಕು.

ಚಿತ್ರಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹಲ್ಮಿಡಿಯ ಮೂಲಶಿಲೆಯನ್ನು ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆಯ ವಶದಲ್ಲಿರಿಸಲಾಗಿದ್ದು, ಊರಿನಲ್ಲಿ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ. ಊರಿಗೆ ಹೋದ ಉತ್ಸಾಹಿಗಳು ತೆಗೆದ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಅಕ್ಷರದ ಆಕಾರವನ್ನು ಚರ್ಚಿಸುವುದು ಪ್ರತಿಕೃತಿ ತಯಾರಿಸಿದವರ ಕೈಯನ್ನು ಚರ್ಚಿಸಿದಂತಾದೀತು.

ಪದರಗಳನ್ನು ಬಿಡಿಸುವ ಸಾಧನ ಪುಟದ ಮೇಲ್ಭಾಗದಲ್ಲಿಯೇ ಇದೆ. ವಿಕಿಪೀಡಿಯದ ಪ್ರತಿ ಪುಟಕ್ಕೂ ‘ಇತಿಹಾಸ’ವೆಂಬ ಕೊಂಡಿಯಿರುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಇದನ್ನೇ ನೋಡದೆ ಹೋಗುವುದು ಸೋಜಿಗ. ಲೇಖನವು ಯಾವ ದಿನ ಹುಟ್ಟಿತು, ಯಾವ ವಾಕ್ಯ ಯಾವ ದಿನ ಸೇರಿತು, ಯಾರ ಬಳಕೆದಾರ ಹೆಸರಿನಿಂದ ಸೇರಿತು, ಅನಂತರ ಏನೇನು ಅಳಿಸಲ್ಪಟ್ಟಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಎರಡು ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ನೋಡಬಹುದು. ಹಸ್ತಪ್ರತಿಗಳ ಪಾಠಾಂತರ ನೋಡಿ ಪಳಗಿದ ಕನ್ನಡ ವಿದ್ವಾಂಸರಿಗೆ ಈ ಕೆಲಸ ಹೊಸದೇನೂ ಅಲ್ಲ. ಇನ್ನೊಂದು ಕೊಂಡಿ ‘ಚರ್ಚೆ’ಯದು. ಒಂದು ಅರಸುಮನೆತನ ಯಾವ ಸಮುದಾಯಕ್ಕೆ ಸೇರಿದ್ದು, ಒಬ್ಬ ಕವಿ ಯಾವ ಊರಿನವನು, ಒಂದು ದೇವಾಲಯ ಮೊದಲು ಯಾವ ಮತದವರದು ಎಂಬಂತಹ ಪ್ರಶ್ನೆಗಳಲ್ಲಿ ಲೇಖನದ ಒಡಲು ಸಮಾಧಾನದಿಂದಿದ್ದರೂ ಚರ್ಚೆಯ ಪುಟದಲ್ಲಿ ಕಾಳಗವೇ ನಡೆದಿರುವುದುಂಟು. ಒಡಲಿನ ನಯವಾದ ವಾಕ್ಯವು ಒಂದು ರಾಜಿಯ ಫಲವೋ, ಒಂದು ಪಕ್ಷದ ಹಟದ ಫಲವೋ ಎಂಬುದು ಅಲ್ಲಿ ತಿಳಿಯುತ್ತದೆ. ಇತಿಹಾಸದ ಪುಟದಲ್ಲಿ ಅದೇ ವಾಕ್ಯ ಮತ್ತೆ ಮತ್ತೆ ಸೇರಿ ಮತ್ತೆ ಮತ್ತೆ ಅಳಿದಿದ್ದರೆ ಅದನ್ನು ಮೂಲ ಆಕರವಿಲ್ಲದೆ ಬಳಸಲೇಬಾರದು.

ಅನುವಾದದ ಪದರವೊಂದಿದೆ, ಅದನ್ನು ಗುರುತಿಸಲು ಕೊಂಡಿಯೂ ಬೇಕಿಲ್ಲ, ಕನ್ನಡದ ಕಿವಿ ಸಾಕು. ಇಂಗ್ಲಿಷ್ ಲೇಖನವನ್ನು ಯಂತ್ರದ ನೆರವಿನಿಂದ ಕನ್ನಡಕ್ಕೆ ತಂದಾಗ ತಾಳಗುಂದವು ‘ತಲಗುಂಡ’ವಾಗುವ, ಮಯೂರಶರ್ಮನ ಹೆಸರಿನ ಶಕಾರ ಸಕಾರವಾಗುವ ಸಂಭವವಿದೆ. ಕನ್ನಡ ಶಾಸನದ ಹೆಸರುಗಳು ರೋಮನ್ ಲಿಪಿಗೆ ಹೋಗಿ ಮರಳಿ ಬರುವಾಗ ಹ್ರಸ್ವ ದೀರ್ಘಗಳನ್ನೂ ಳಕಾರ ಣಕಾರಗಳನ್ನೂ ದಾರಿಯಲ್ಲಿ ಕಳೆದುಕೊಳ್ಳುತ್ತವೆ. ಇಂತಹ ಕಾಗುಣಿತ ಕಂಡಲ್ಲಿ ಆ ಲೇಖನದ ಬರಹಗಾರರು ಶಾಸನಪಾಠವನ್ನು ನೋಡಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಲೇಖನದಿಂದ ಆಕರಕ್ಕೆ ಹೋಗುವ ಹಾದಿ ಇದೆಲ್ಲಕ್ಕಿಂತ ಮುಖ್ಯ. ವಿಶ್ವಕೋಶದ ನಿಜವಾದ ಉಪಯೋಗ ಅದರ ಕೆಳಗಿನ ಉಲ್ಲೇಖಗಳಲ್ಲಿದೆ. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಸಂಪುಟಗಳು ಇಂದು ಅಂತರಜಾಲದ ಗ್ರಂಥಭಂಡಾರಗಳಲ್ಲಿ ಬಿಂಬರೂಪದಲ್ಲಿ ದೊರೆಯುತ್ತವೆ. ಉಲ್ಲೇಖವನ್ನು ಹಿಡಿದು ಶಾಸನಪಾಠವನ್ನು ಅದೇ ದಿನ ಓದುವುದು ಹಿಂದೆ ಕನಸಾಗಿತ್ತು. ಆದರೆ ಇಲ್ಲೊಂದು ತೊಡಕಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪ್ರಕಟಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆಯೂ ಶಾಸನಗಳ ಕ್ರಮಾಂಕವೂ ಬದಲಾಗಿವೆ. ರೈಸ್ ಅವರ ಆವೃತ್ತಿಯಲ್ಲಿ ಹಾಸನ ಜಿಲ್ಲೆ 5ನೆಯ ಸಂಪುಟ. ಪರಿಷ್ಕೃತ ಆವೃತ್ತಿಯಲ್ಲಿ 5ನೆಯ ಸಂಪುಟ ತೆರೆದವರಿಗೆ ಮೈಸೂರು ಜಿಲ್ಲೆಯ ಶಾಸನಗಳು ಸಿಗುತ್ತವೆ. ‘ಎ.ಕ. 5, ಬೇಲೂರು’ ಎಂದು ಅಂಕಿ ಹಾಕಿ ಆವೃತ್ತಿಯನ್ನು ಹೇಳದೆ ಬಿಟ್ಟ ಉಲ್ಲೇಖ ಅರ್ಧ ಉಲ್ಲೇಖ. ಹೊಸ ಕ್ರಮಾಂಕವನ್ನು ಹಳೆಯ ಸಂಪುಟದಲ್ಲಿ ಹುಡುಕಿ, ಸಿಕ್ಕ ಬೇರೆ ಶಾಸನವನ್ನೇ ಸರಿಯೆಂದು ತಿಳಿಯುವ ಅಪಾಯ ಇಲ್ಲಿದೆ. ಪರಿಷ್ಕೃತ ಸಂಪುಟಗಳು ಕೈಗೆ ಸಿಗದಿರುವ ಕಡೆ ಹಳೆಯದನ್ನೇ ಆಧರಿಸಬೇಕಾಗಿ ಬಂದರೆ ಅದನ್ನು ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

ಹಳೆಯ ಸಂಪುಟಗಳ ಸ್ಥಳನಾಮಗಳು ಇನ್ನೊಂದು ಬಲೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ರೈಸ್ ಅವರ ಕಾಲದ ಬರಹಗಳಲ್ಲಿ ‘ಬೆಳಗಾಮಿ’ ಎಂದು ಕಾಣುತ್ತೇವೆ. ಕೋಡಿಯ ಮಠ, ಕೇದಾರೇಶ್ವರ ದೇವಾಲಯಗಳಿಂದ ಪ್ರಖ್ಯಾತವಾದ ಆ ವಿದ್ಯಾಕೇಂದ್ರಕ್ಕೂ, ಶಾಸನಗಳಲ್ಲಿ ವೇಣುಗ್ರಾಮವೆನಿಸಿದ ಉತ್ತರದ ಬೆಳಗಾವಿಗೂ ಸಂಬಂಧವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಬಹಳ ಹತ್ತಿರ ಬರುತ್ತವೆ. ಮೂಲವನ್ನು ನೋಡದವರು ಒಂದರ ದತ್ತಿಯನ್ನು ಇನ್ನೊಂದಕ್ಕೆ ಕೊಟ್ಟುಬಿಡಬಲ್ಲರು.

ಕಾಲವನ್ನು ಕ್ರಿಸ್ತಶಕಕ್ಕೆ ತಿರುಗಿಸುವಲ್ಲಿ ಆಗುವ ಸಣ್ಣ ದೋಷಗಳು ಅಂತರಜಾಲದಲ್ಲಿ ಬಲುಬೇಗ ಹಬ್ಬುತ್ತವೆ. ಶಕವರ್ಷಕ್ಕೆ 78 ಕೂಡಿಸಬೇಕೆಂಬ ಸೂತ್ರ ಎಲ್ಲರಿಗೂ ಗೊತ್ತು. ಬೇಲೂರಿನಲ್ಲಿ ವಿಷ್ಣುವರ್ಧನನು ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ಶಕವರ್ಷ 1039, ಹೇಮಲಂಬಿ ಸಂವತ್ಸರ, ಕೂಡಿಸಿದರೆ 1117. ಇದನ್ನು ತಾಳೆ ನೋಡಲು ಸಂವತ್ಸರಚಕ್ರವೇ ಸಾಕು. 2017ರ ಯುಗಾದಿಗೆ ಆರಂಭವಾದದ್ದು ಹೇಮಲಂಬಿ; 1117ಕ್ಕೂ ಅದಕ್ಕೂ ನಡುವಿನ 900 ವರ್ಷಗಳು ಅರವತ್ತರ ಹದಿನೈದು ಆವರ್ತಗಳು. ಹತ್ತನೆಯ ಶತಮಾನದಿಂದ ಈಚಿನ ಶಾಸನಗಳಿಗೆ ಈ ಎಣಿಕೆ ಹೊಂದುತ್ತದೆ, ಅದಕ್ಕೂ ಹಿಂದಿನವಕ್ಕೆ ನೇರವಾಗಿ ಅನ್ವಯಿಸಲಾಗದು. ಶಾಸನದ ತಿಥಿ ಮಾಘ ಅಥವಾ ಫಾಲ್ಗುಣದ್ದಾದರೆ ಕ್ರಿಸ್ತವರ್ಷ ಬದಲಾಗಿರುವುದರಿಂದ ಕೂಡಿಸಬೇಕಾದದ್ದು 79. ಶಾಸನದ ಶಕವರ್ಷ ‘ಗತ’ವೋ ‘ವರ್ತಮಾನ’ವೋ ಎಂಬುದರಿಂದಲೂ ಒಂದು ವರ್ಷ ಆಚೀಚೆಯಾಗುತ್ತದೆ. ಉತ್ತರ ಕರ್ನಾಟಕದ ಶಾಸನಗಳಲ್ಲಿ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಆರಂಭಿಸಿದ ಚಾಲುಕ್ಯ ವಿಕ್ರಮ ಶಕೆ ಬರುತ್ತದೆ. ಅದಕ್ಕೆ 1075 ಕೂಡಿಸಬೇಕು. ಇಟಗಿಯ ಮಹಾದೇವ ದೇವಾಲಯದ ಕಾಲವಾದ 1112ನ್ನು ಆ ಶಕೆಯಲ್ಲಿ ಹೇಳಿದರೆ 37ನೆಯ ವರ್ಷ. ಇದನ್ನು ಉತ್ತರ ಭಾರತದ ವಿಕ್ರಮ ಸಂವತ್ಸರವೆಂದು ಎಣಿಸಿದರೆ ಕ್ರಿಸ್ತಪೂರ್ವಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಅಂತಹ ಅಸಂಗತ ದೋಷವನ್ನು ಯಾರಾದರೂ ಕಂಡು ತಿದ್ದುತ್ತಾರೆ. ಒಂದು ವರ್ಷದ ದೋಷವನ್ನು ಯಾರೂ ಕಾಣುವುದಿಲ್ಲ. ಅದು ಪುಟದಿಂದ ಪುಟಕ್ಕೆ, ಅಲ್ಲಿಂದ ಮಹಾಪ್ರಬಂಧಕ್ಕೆ ಸಾಗುತ್ತದೆ. ಆದುದರಿಂದ ಕೋಶದಲ್ಲಿ ಕೊಟ್ಟ ಕ್ರಿಸ್ತವರ್ಷವನ್ನು ಬಳಸುವ ಮುನ್ನ ಶಾಸನದ ಶಕವರ್ಷ, ಮಾಸ, ತಿಥಿ, ವಾರಗಳನ್ನು ಬರೆದುಕೊಂಡು ಸ್ವಾಮಿಕಣ್ಣು ಪಿಳ್ಳೆ ಅವರ ಪಂಚಾಂಗ ಕೋಷ್ಟಕಗಳಲ್ಲಿ ಸರಿನೋಡುವ ಹಳೆಯ ಪದ್ಧತಿಯನ್ನು ಬಿಡಬಾರದು.

ಐತಿಹ್ಯ ಮತ್ತು ಆಕರಗಳು ಒಂದೇ ತೂಕದಲ್ಲಿ ಕೂರುವ ಸಮಸ್ಯೆಯೂ ಉಂಟು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟುದರಿಂದ ‘ಬೆಂದಕಾಳೂರು’ ಆಗಿ, ಅದೇ ಬೆಂಗಳೂರಾಯಿತೆಂಬ ಕಥೆ ಯಾವ ಕೋಶದಲ್ಲಿಯೂ ತಪ್ಪದೆ ಸಿಗುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ವೀರಗಲ್ಲಿನ ಬರಹದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಅದರ ಕಾಲ ಗಂಗರ ಆಳ್ವಿಕೆಯ ಒಂಬತ್ತನೆಯ ಶತಮಾನದ ಕೊನೆ. ಎರಡನೆಯ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಮೂರು ಶತಮಾನಗಳ ಹಿಂದೆಯೇ ಇದ್ದ ಹೆಸರಿಗೆ ಆತನ ಊಟ ಕಾರಣವಾಗಲಾರದು. ಒಂದೇ ಲೇಖನದಲ್ಲಿ ಎರಡೂ ಸಂಗತಿಗಳು ‘ಇನ್ನೊಂದು ಅಭಿಪ್ರಾಯದಂತೆ’ ಎಂಬ ಪದಗುಚ್ಛದಿಂದ ಜೋಡಣೆಗೊಂಡು ಸಮಬಲದ ಪಕ್ಷಗಳಂತೆ ತೋರುತ್ತವೆ. ಮುಕ್ತ ಕೋಶದ ತಟಸ್ಥ ಧೋರಣೆಯ ನಿಯಮ ಸಮಬಲವನ್ನು ವಿಧಿಸಿಲ್ಲ, ಆಧಾರದ ಬಲಕ್ಕೆ ತಕ್ಕ ಸ್ಥಾನವನ್ನು ವಿಧಿಸಿದೆ. ಬರೆಯುವವರು ಅದನ್ನು ಪಾಲಿಸುವುದು ವಿರಳ. ಕಥೆಯನ್ನು ಬಿಡಬೇಕೆಂದಲ್ಲ. ಜನಪದ ಇತಿಹಾಸದ ಅಭ್ಯಾಸಿಗೆ ಅದು ಅಮೂಲ್ಯ ಸಾಮಗ್ರಿಯೇ. ಯಾವುದು ಯಾವುದಕ್ಕೆ ಸಾಕ್ಷಿ ಎಂಬ ವಿವೇಕವಷ್ಟೆ ಬೇಕಾದದ್ದು.

ಕನ್ನಡದಲ್ಲಿ ಹುಡುಕುವವರಿಗೆ ಕೆಲವು ವಿಶಿಷ್ಟ ಕಷ್ಟಗಳಿವೆ. ಬಳ್ಳಿಗಾವೆ, ಬಳ್ಳಿಗಾಮೆ, ಬಳ್ಳಿಗಾವಿ, ಬಲ್ಲಾಳ, ಬಳ್ಳಾಳ, ವಿಜಾಪುರ, ಬಿಜಾಪುರ, ವಿಜಯಪುರ ಇವುಗಳಲ್ಲಿ ಒಂದು ರೂಪವನ್ನು ಕೊಟ್ಟರೆ ಇನ್ನೊಂದು ರೂಪದ ಪುಟ ಸಿಗದೇ ಹೋಗಬಹುದು. 2014ರ ನವೆಂಬರ್ 1ರಿಂದ ಹನ್ನೆರಡು ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದ ಮೇಲೆ ಗುಲಬರ್ಗಾ ಹಾಗೂ ಕಲಬುರಗಿ ಎರಡನ್ನೂ ಹುಡುಕಬೇಕಾಗಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಪರಿವರ್ತಿಸುವಾಗ ಹಳಗನ್ನಡದ ಱ, ೞ ಅಕ್ಷರಗಳು ಸಾಮಾನ್ಯ ರ, ಳಗಳಾಗಿರುವ ಅಥವಾ ಪೂರ್ತಿ ಕಳೆದುಹೋಗಿರುವ ಸಾಧ್ಯತೆಯಿದೆ. ಶಾಸನದ ಭಾಷೆಯ ಮೇಲೆ ಕೆಲಸ ಮಾಡುವವರು ಇಂತಹ ಪಠ್ಯವನ್ನು ಬಿಂಬದೊಂದಿಗೆ ಹೋಲಿಸದೆ ಬಳಸಬಾರದು.

ಕೋಶದ ಮೌನವನ್ನೂ ಓದಬೇಕು. ಹಳೆಯ ಮೈಸೂರು ಪ್ರದೇಶದ ಶಾಸನಗಳನ್ನು ತಾಲ್ಲೂಕುವಾರು ಸಮೀಕ್ಷೆ ಮಾಡಿ ರೈಸ್ ಅವರೇ ಅಚ್ಚು ಹಾಕಿಸಿದ್ದರಿಂದ ಆ ಭಾಗದ ಊರುಗಳಿಗೆ ಅಂತರಜಾಲದಲ್ಲಿ ಆಧಾರಸಹಿತ ಲೇಖನ ಬರೆಯುವುದು ಸುಲಭ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿ ಅವರು ಸಂಕಲಿಸಿದ ಗ್ರಂಥ ಬಂದದ್ದು 1958ರಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಅದಕ್ಕೂ ಈಚಿನವು. ರಾಯಚೂರು ಅಥವಾ ಯಾದಗಿರಿಯ ಹಳ್ಳಿಯೊಂದರ ಪುಟ ಎರಡು ಸಾಲಿನಲ್ಲಿ ಮುಗಿದಿದ್ದರೆ ಆ ಹಳ್ಳಿಗೆ ಇತಿಹಾಸವಿಲ್ಲವೆಂದು ಅರ್ಥವಲ್ಲ. ಅಲ್ಲಿಯ ಕಲ್ಲುಗಳನ್ನು ಓದಿದ ಪುಸ್ತಕ ಅಂತರಜಾಲದ ಬರಹಗಾರರ ಕೈಗೆ ಹೋಗಿಲ್ಲವೆಂದಷ್ಟೇ ಅರ್ಥ.

ಗ್ರಂಥಾಲಯಗಳ ಪಾತ್ರ ಬರುವುದು ಈ ಹಂತದಲ್ಲಿ. ಅಂತರಜಾಲದಲ್ಲಿ ದೊರೆಯುತ್ತದೆಂಬ ಕಾರಣಕ್ಕೆ ಮುದ್ರಿತ ವಿಶ್ವಕೋಶದ ಹದಿನಾಲ್ಕು ಸಂಪುಟಗಳನ್ನು ಕಪಾಟಿನಿಂದ ಇಳಿಸುವುದು ದುಡುಕಾಗುತ್ತದೆ. ವಿಕಿಸೋರ್ಸ್‌ನಲ್ಲಿರುವ ಪಠ್ಯಕ್ಕೆ ಆ ಸಂಪುಟಗಳೇ ಮಾತೃಕೆ. ಒಂದು ಪದ ಬೆರಳಚ್ಚಿನಲ್ಲಿ ತಪ್ಪಿತೋ ಮೂಲದಲ್ಲಿಯೇ ಹಾಗಿತ್ತೋ ಎಂಬುದನ್ನು ತೀರ್ಮಾನಿಸಲು ಬೇರೆ ದಾರಿಯಿಲ್ಲ. ಸಂಪುಟ ಪ್ರಕಟವಾದ ವರ್ಷ ಲೇಖನದ ಪದರವನ್ನು ಗುರುತಿಸುವ ಮುಖ್ಯ ಸಾಕ್ಷ್ಯವಾಗಿರುವುದರಿಂದ, ವಿಕಿಸೋರ್ಸ್‌ನ ಪಠ್ಯವನ್ನು ಉಲ್ಲೇಖಿಸುವವರು ಮುದ್ರಿತ ಸಂಪುಟದ ಸಂಖ್ಯೆ, ವರ್ಷಗಳನ್ನೂ ಕೊಡಬೇಕು. ವಿಕಿಪೀಡಿಯವನ್ನು ಉಲ್ಲೇಖಿಸುವ ಸಂದರ್ಭ ಬಂದಾಗ ಪುಟದ ಹೆಸರು ಹಾಗೂ ನೋಡಿದ ದಿನಾಂಕ ಸಾಲದು. ಪ್ರತಿ ಆವೃತ್ತಿಗೂ ಇರುವ ಶಾಶ್ವತ ಕೊಂಡಿಯನ್ನು ನಮೂದಿಸಿದರೆ ಪರೀಕ್ಷಕರು ಹತ್ತು ವರ್ಷಗಳ ಅನಂತರವೂ ಅದೇ ಪಠ್ಯವನ್ನು ನೋಡಬಲ್ಲರು. ಇಂತಹ ಉಲ್ಲೇಖವನ್ನು ಕಂಡು ಮೂಗು ಮುರಿಯುವ ಮಾರ್ಗದರ್ಶಕರಿದ್ದಾರೆ. ಬಳಸಿಯೂ ಬಚ್ಚಿಡುವ ರೂಢಿಗಿಂತ ಇದು ಎಷ್ಟೋ ಪ್ರಾಮಾಣಿಕ.

ತಪ್ಪನ್ನು ಕಂಡ ವಿದ್ವಾಂಸರು ಅದನ್ನು ತಿದ್ದಲು ಹೋದಾಗ ಎದುರಾಗುವ ನಿಯಮವೊಂದನ್ನು ತಿಳಿದಿರಬೇಕು. ಮುಕ್ತ ಕೋಶವು ಸ್ವಂತ ಸಂಶೋಧನೆಯನ್ನು ಸ್ವೀಕರಿಸುವುದಿಲ್ಲ. ಹೊಸ ಶಾಸನವನ್ನು ಓದಿದವರು ಅದನ್ನು ಮೊದಲು ‘ಇತಿಹಾಸ ದರ್ಶನ’ದಂತಹ ವಿದ್ವತ್ ಪ್ರಕಟಣೆಯಲ್ಲಿ ಅಚ್ಚು ಹಾಕಿಸಬೇಕು; ಆ ಪ್ರಕಟಣೆಯ ಸಂಪುಟ, ಪುಟಸಂಖ್ಯೆಗಳೊಂದಿಗೆ ಮಾತ್ರ ಕೋಶದ ವಾಕ್ಯ ನಿಲ್ಲುತ್ತದೆ. ಐವತ್ತು ವರ್ಷ ಶಾಸನ ಓದಿದ ಹಿರಿಯರ ತಿದ್ದುಪಡಿಯನ್ನು ಆಧಾರ ಕೊಟ್ಟಿಲ್ಲವೆಂದು ಕಾಲೇಜು ವಿದ್ಯಾರ್ಥಿಯೊಬ್ಬ ಅಳಿಸಿಹಾಕುವ ಸಂದರ್ಭ ಬರಬಹುದು, ಅದರಲ್ಲಿ ಅವಮಾನವೆಣಿಸಬೇಕಾದದ್ದಿಲ್ಲ. ಅಚ್ಚಾದ ಆಧಾರವಿದ್ದೂ ಅಳಿಸಲ್ಪಟ್ಟರೆ ‘ಚರ್ಚೆ’ಯ ಪುಟದಲ್ಲಿ ಶಾಸನದ ಸಂಪುಟ, ಆವೃತ್ತಿ, ಕ್ರಮಾಂಕ, ಸಾಲಿನ ಸಂಖ್ಯೆ ಇಷ್ಟನ್ನು ಬರೆದಿಡುವುದು ಸರಿಯಾದ ಕ್ರಮ. ಒಡಲಿನ ವಾಕ್ಯ ಎಷ್ಟು ಸಲ ಬದಲಾದರೂ ಹಾಗೆ ಬರೆದಿಟ್ಟ ಟಿಪ್ಪಣಿ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ; ಅದೇ ಊರಿನ ಮೇಲೆ ಮುಂದೆ ಕೆಲಸ ಮಾಡುವವರು ಅಲ್ಲಿಂದ ನೇರವಾಗಿ ಶಾಸನದ ಸಾಲಿಗೆ ಹೋಗಬಹುದು.